ಗೆದ್ದವರೇ ಮತ್ತೆ ಗೆಲ್ಲಬೇಕು

‘ಏರ್ ಗೆಂದುವೆರ್?’ ಯಾರು ಗೆಲ್ತಾರೆ? ಬಿ.ಸಿ.ರೋಡಿನಲ್ಲಿ ಈ ಪ್ರಶ್ನೆಗೆ ರಜೆಯೇ ಇಲ್ಲ. ಬಂಟ್ವಾಳ ಕ್ರಾಸ್ ರೋಡ್ ಎಂಬ ಉದ್ದ ಹೆಸರನ್ನು ತುಂಡು ಮಾಡಿ ಬಿ.ಸಿ.ರೋಡ್ ಅಂದುಕೊಂಡ ಊರು ಇದು. ಹಳಬರ ಬಾಯಲ್ಲಿ ಜೋಡುಮಾರ್ಗ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಿಂದ ಬಂಟ್ವಾಳ, ಬೆಳ್ತಂಗಡಿ, ಧರ್ಮಸ್ಥಳದ ದಾರಿ ಇಲ್ಲಿಯೇ ಕವಲೊಡೆಯುವುದು. ದಾರಿ ಕವಲೊಡೆಯುವಲ್ಲಿ ಬಸ್ಸು ಕಾಯುವವರಿರುತ್ತಾರೆ. ಬಸ್ಸು ಕಾಯುವವರಿದ್ದಲ್ಲಿ ಭವಿಷ್ಯ ಹೇಳುವವರೂ ಇರುತ್ತಾರೆ. ಓಟು ಬಂದರೆ ಓಟಿನ ಭವಿಷ್ಯ. ಕಂಬಳ ಬಂದರೆ ಕೋಣಗಳ ಭವಿಷ್ಯ. ಕೋಳಿ ಅಂಕ ಉಂಟು ಅಂತ ಸುದ್ದಿ ಬಂದರೆ ದನಿ ತಗ್ಗಿಸಿ ಹೇಳುವ ಭವಿಷ್ಯ, ಯಾಕೆಂದರೆ ಪೊಲೀಸರಿಗೂ ಕಿವಿ ಉಂಟಲ್ಲ.

2024ರ ಡಿಸೆಂಬರಿನಲ್ಲಿ ನಮ್ಮ ಮೊಬೈಲುಗಳಲ್ಲಿ ಹೊಸದೊಂದು ಭವಿಷ್ಯ ಓಡಾಡಿತು. ಸೌದಿ ಅರೇಬಿಯದ ರಿಯಾದ್‌ನಲ್ಲಿ ಡಿಸೆಂಬರ್ 21ಕ್ಕೆ ಹೆವಿವೇಟ್ ಬಾಕ್ಸಿಂಗಿನ ಮರುಪಂದ್ಯ. ಒಂದು ಕಡೆ ಇಂಗ್ಲೆಂಡಿನ ಟೈಸನ್ ಫ್ಯೂರಿ, ಇನ್ನೊಂದು ಕಡೆ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್. ಬೇರೆ ತೂಕದ ವಿಭಾಗಗಳಲ್ಲಿ ಇಷ್ಟಕ್ಕಿಂತ ಹೆಚ್ಚು ತೂಗಬಾರದು ಎಂಬ ಮಿತಿ ಉಂಟು. ಹೆವಿವೇಟಿಗೆ ಮೇಲಿನ ಮಿತಿ ಇಲ್ಲ. ಎಷ್ಟು ಬೇಕಾದರೂ ತೂಗು, ಬಾ, ಹೊಡಿ. ಫ್ಯೂರಿ ತೂಗಿದ್ದು 281 ಪೌಂಡು, ಉಸಿಕ್ 226. ಐವತ್ತೈದು ಪೌಂಡಿನ ವ್ಯತ್ಯಾಸ ಅಂದರೆ ಇಪ್ಪತ್ತೈದು ಕಿಲೋದ ಅಕ್ಕಿ ಗೋಣಿ. ಎತ್ತರದಲ್ಲಿಯೂ ಅರ್ಧ ಅಡಿ ವ್ಯತ್ಯಾಸ. ‘ಈ ಸಲ ಆ ದೊಡ್ಡವ ಬಿಡುದಿಲ್ಲ ಮಾರಾಯ’ ಅಂತ ಒಬ್ಬ. ‘ಮೊದಲ ಸಲ ಹೇಗೋ ಆಯ್ತು, ಎರಡನೇ ಸಲ ಆಗುದಾ?’ ಅಂತ ಮತ್ತೊಬ್ಬ.

ಈ ಎರಡನೇ ಮಾತು ನಮ್ಮನ್ನು ಹಿಡಿದು ನಿಲ್ಲಿಸಿತು. ‘ಮೊದಲ ಸಲ ಹೇಗೋ ಆಯ್ತು.’ ಇದನ್ನು ನಾವು ಬೇರೆ ಎಲ್ಲೋ ಕೇಳಿದ್ದೇವಲ್ಲ? ಎಷ್ಟೋ ಸಲ ಕೇಳಿದ್ದೇವಲ್ಲ?

ಮೊದಲ ಪಂದ್ಯ ಅದೇ ವರ್ಷದ ಮೇ 18ರಂದು ಅದೇ ರಿಯಾದ್‌ನಲ್ಲಿ ನಡೆದಿತ್ತು. ಒಂಬತ್ತನೇ ಸುತ್ತಿನಲ್ಲಿ ಫ್ಯೂರಿ ತೂರಾಡಿದ, ರೆಫರಿ ಎಣಿಸಿದ. ಮೂವರು ತೀರ್ಪುಗಾರರಲ್ಲಿ ಇಬ್ಬರು ಉಸಿಕ್ ಕಡೆ, ಒಬ್ಬ ಫ್ಯೂರಿ ಕಡೆ. ಸೋತ ಫ್ಯೂರಿ ಏನು ಹೇಳಿದ? ಆ ಮನುಷ್ಯನ ದೇಶದಲ್ಲಿ ಯುದ್ಧ ನಡೆಯುತ್ತಿದೆ, ಅದಕ್ಕೆ ಜನ ಅವನ ಪಕ್ಷ ಹಿಡಿದಿದ್ದಾರೆ ಎಂಬರ್ಥದ ಮಾತು ಹೇಳಿದ. ಅಂದರೆ ಅವನು ಗೆದ್ದದ್ದು ಹೊಡೆತದಿಂದ ಅಲ್ಲ, ಕನಿಕರದಿಂದ. ಕೇಳಿದಿರಾ ಗೆಳೆಯರೇ? ಕನಿಕರದ ಮಾರ್ಕು, ಕನಿಕರದ ಸೀಟು, ಕನಿಕರದ ಗೆಲುವು!

ಡಿಸೆಂಬರಿನಲ್ಲಿ ಮೂವರು ತೀರ್ಪುಗಾರರೂ ಉಸಿಕ್‌ಗೇ ಕೊಟ್ಟರು. 116-112, ಮೂವರದ್ದೂ ಒಂದೇ ಲೆಕ್ಕ. ಆಗಲೂ ಫ್ಯೂರಿ ಒಪ್ಪಲಿಲ್ಲ, ತಾನೇ ಗೆದ್ದೆ ಅಂದ. ಇಲ್ಲಿ ನಾವೊಂದು ಮಾತನ್ನು ಮರೆಮಾಚಬಾರದು. ಈ ಫ್ಯೂರಿ ಅರಮನೆಯಲ್ಲಿ ಹುಟ್ಟಿದವನೇನಲ್ಲ. ಊರಿಂದೂರಿಗೆ ಅಟ್ಟಿಸಿಕೊಂಡ ಐರಿಶ್ ಅಲೆಮಾರಿ ಜನಾಂಗದ ಮಗ. ಅಂಥವನ ಬಾಯಲ್ಲೂ ಈ ಮಾತು ಬಂತು. ಯಾಕೆಂದರೆ ಅದು ಒಬ್ಬ ಮನುಷ್ಯನ ಮಾತಲ್ಲ, ದೊಡ್ಡವನ ಜಾಗದಲ್ಲಿ ಕುಳಿತವರಿಗೆಲ್ಲ ಆ ಜಾಗವೇ ಕಲಿಸಿಕೊಡುವ ಮಾತು.

ಮರುಪಂದ್ಯ ಎಂದರೇನು? ಕ್ರೀಡಾಪುಟದವರು ಹೇಳುವುದು, ಸೋತವನಿಗೆ ಇನ್ನೊಂದು ಅವಕಾಶ ಅಂತ. ಒಳ್ಳೆಯ ಮಾತೇ. ಆದರೆ ಯಾವ ಸೋತವನಿಗೆ? ಸೋತ ದೊಡ್ಡವನಿಗೆ ಮರುಪಂದ್ಯದ ಷರತ್ತು ಕಾಗದದಲ್ಲೇ ಬರೆದಿರುತ್ತದೆ. ಸೋತ ಸಣ್ಣವನು ಮನೆಗೆ ಹೋಗುತ್ತಾನೆ. ಹಾಗಾಗಿ ಕೆಳಗಿನಿಂದ ಬಂದು ಗೆದ್ದವನು ಒಂದು ಸಲ ಗೆದ್ದರೆ ಸಾಲದು, ಎರಡು ಸಲ ಗೆಲ್ಲಬೇಕು. ಮೊದಲನೆಯದು ಆಕಸ್ಮಿಕ. ಎರಡನೆಯದು ಪರೀಕ್ಷೆ. ಭವಿಷ್ಯ ಹೇಳುವವರ ಗಲಾಟೆಯೆಲ್ಲ ಈ ಎರಡರ ನಡುವೆ.

1964ರ ಫೆಬ್ರುವರಿ 25ಕ್ಕೆ ಹೋಗೋಣ. ಅಮೆರಿಕಾದ ಮಯಾಮಿ ಬೀಚ್. ಸೋನಿ ಲಿಸ್ಟನ್ ಚಾಂಪಿಯನ್. ಅವನೆದುರು ಇಪ್ಪತ್ತೆರಡರ ಹುಡುಗ ಕ್ಯಾಸಿಯಸ್ ಕ್ಲೇ. ಬಾಜಿ ಏಳಕ್ಕೆ ಒಂದು, ಲಿಸ್ಟನ್ ಕಡೆಗೆ. ಪತ್ರಿಕೆಯವರು ನಲವತ್ತಾರು ಜನರಲ್ಲಿ ನಲವತ್ತಮೂರು ಜನ ಲಿಸ್ಟನ್ ಗೆಲ್ಲುತ್ತಾನೆ ಎಂದು ಹೇಳಿದ್ದರು. ಏಳನೇ ಸುತ್ತಿಗೆ ಗಂಟೆ ಹೊಡೆದಾಗ ಲಿಸ್ಟನ್ ಸ್ಟೂಲಿನಿಂದ ಏಳಲೇ ಇಲ್ಲ. ಪಂದ್ಯ ಮುಗಿಯಿತು. ಗೆದ್ದವನು ತಾನು ನೇಷನ್ ಆಫ್ ಇಸ್ಲಾಮಿನವನು ಅಂತ ಹೇಳಿಕೊಂಡ. ಗುಲಾಮರಿಗೆ ಒಡೆಯರು ಇಟ್ಟ ಹೆಸರು ನನಗೆ ಬೇಡ ಅಂದ. ಮುಹಮ್ಮದ್ ಅಲಿ ಆದ. ಪತ್ರಿಕೆಗಳು ಎಷ್ಟೋ ವರ್ಷ ಅವನನ್ನು ಕ್ಲೇ ಅಂತಲೇ ಅಚ್ಚು ಹಾಕಿದವು. ತನ್ನ ಹೆಸರನ್ನು ಕೂಡ ಅವನು ಮತ್ತೆ ಮತ್ತೆ ಗೆಲ್ಲಬೇಕಾಯಿತು. ಕೇರಿಯಲ್ಲಿ ಇಟ್ಟ ಹೆಸರನ್ನು ಧಣಿಯ ಅಂಗಳದಲ್ಲಿ ಮೊಟಕು ಮಾಡಿ ಕರೆಸಿಕೊಂಡ ನಮ್ಮ ಅಜ್ಜಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮರುಪಂದ್ಯ ಆದದ್ದು 1965ರ ಮೇ 25ರಂದು, ಮೇನ್ ರಾಜ್ಯದ ಲೂಯಿಸ್ಟನ್ ಎಂಬ ಸಣ್ಣ ಊರಿನಲ್ಲಿ. ಸ್ವಾರಸ್ಯ ನೋಡಿ, ಒಮ್ಮೆ ಸೋತ ಲಿಸ್ಟನ್ ಪರವಾಗಿಯೇ ಮತ್ತೆ ಬಾಜಿ! ಕಣ್ಣಾರೆ ಕಂಡ ಫಲಿತಾಂಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಭವಿಷ್ಯ ಅದು ಎಂಥ ಭವಿಷ್ಯ? ಅದು ಮುಂದೇನಾಗುತ್ತದೆ ಎಂಬ ಲೆಕ್ಕವಲ್ಲ, ಮುಂದೇನಾಗಬೇಕು ಎಂಬ ಬಯಕೆ. ಮೊದಲ ಸುತ್ತಿನಲ್ಲೇ ಲಿಸ್ಟನ್ ಬಿದ್ದ. ಆಗ ಏನಾಯ್ತು? ಹೊಡೆತವೇ ಕಾಣಲಿಲ್ಲ, ಎಲ್ಲ ಮೊದಲೇ ಗೊತ್ತು ಮಾಡಿದ ನಾಟಕ ಅಂತ ಕೂಗು ಎದ್ದಿತು. ಒಂದನೇ ಗೆಲುವು ಆಕಸ್ಮಿಕ, ಎರಡನೇ ಗೆಲುವು ಮೋಸ. ಹಾಗಾದರೆ ಗೆಲುವು ಅನ್ನುವುದು ಯಾವಾಗ ಸ್ವಾಮಿ?

ಲಿಸ್ಟನ್‌ನ ಬಗ್ಗೆಯೂ ಒಂದು ಮಾತು ಹೇಳಬೇಕು. ಬೇರೆಯವರ ಹೊಲದಲ್ಲಿ ಪಾಲಿಗೆ ದುಡಿದ ಕರಿಯ ಕುಟುಂಬದ ಮಗ ಅವನು. ಬಾಕ್ಸಿಂಗ್ ಕಲಿತದ್ದು ಜೈಲಿನಲ್ಲಿ. ಅವನ ಕಡೆಗೆ ಬಾಜಿ ಕಟ್ಟಿದವರೇನು ಅವನನ್ನು ಮನೆಯೊಳಗೆ ಕರೆದು ಕೂರಿಸುತ್ತಿರಲಿಲ್ಲ. ಬಾಯಿ ಇಲ್ಲದ ಕರಿಯನನ್ನು ಬಿಟ್ಟು ಬಾಯಿ ಇರುವ ಕರಿಯನನ್ನು ಹೊಡೆಸುವುದು ಅವರ ಆಸೆಯಾಗಿತ್ತು. ನಮ್ಮವರಲ್ಲೇ ಒಬ್ಬನನ್ನು ನಮ್ಮವರ ಎದುರು ನಿಲ್ಲಿಸಿ ದೂರದಲ್ಲಿ ಕುಳಿತು ಬಾಜಿ ಕಟ್ಟುವ ಆಟ ಪಂಚಾಯ್ತಿ ಓಟಿನಲ್ಲಿ ನಾವು ಕಾಣದ್ದೇನಲ್ಲ.

ನಮ್ಮ ಕಡೆಯ ಕೋಳಿ ಅಂಕವನ್ನು ನೋಡಿ. ಕೋಳಿಯ ಕಾಲಿಗೆ ಬಾಳು ಕಟ್ಟಿ ಬಿಡುತ್ತಾರೆ. ಬಿಡುವ ಮೊದಲು ಕೆಲವರು ಕುಕ್ಕುಟ ಪಂಚಾಂಗ ನೋಡುತ್ತಾರೆ. ಯಾವ ದಿನ, ಯಾವ ಹೊತ್ತಿನಲ್ಲಿ ಯಾವ ಬಣ್ಣದ ಕೋಳಿ ಯಾವ ಬಣ್ಣದ್ದನ್ನು ಹೊಡೆಯುತ್ತದೆ ಅಂತ ಅದರಲ್ಲಿ ಉಂಟು. ಬೊಳ್ಳೆ ಅಂದರೆ ಬಿಳಿ, ಕಕ್ಕೆ ಅಂದರೆ ಕಾಗೆಯ ಕಪ್ಪು, ಉರಿಯೆ ಅಂದರೆ ಬೆಂಕಿಯ ಕೆಂಪು, ಮಂಜಲೆ ಅಂದರೆ ಅರಸಿನ. ಕೋಳಿಯ ಕಾಲಿನ ಬಲ ನೋಡುವುದಲ್ಲ, ಪುಕ್ಕದ ಬಣ್ಣ ನೋಡುವುದು. ಓದಿದವರು ಇದನ್ನು ಕಂಡು ನಗುತ್ತಾರೆ, ಮೂಢನಂಬಿಕೆ ಅನ್ನುತ್ತಾರೆ. ನಗಲಿ. ಆದರೆ ಕೋಟು ಹಾಕಿ ಟೈ ಕಟ್ಟಿದ ಅಮೆರಿಕಾ ಇದೇ ಪಂಚಾಂಗವನ್ನು ಮನುಷ್ಯರ ಮೇಲೆ ಇಟ್ಟು ನೋಡಿದ್ದು ಅವರಿಗೆ ಗೊತ್ತಿರಬೇಕು.

ಜಿಮ್ ಜೆಫ್ರೀಸ್ ಅಂತ ಒಬ್ಬ ಬಿಳಿಯ ಚಾಂಪಿಯನ್ ಇದ್ದ. ಪಟ್ಟ ಏರಿದ ಮೇಲೆ ಕರಿಯರೊಡನೆ ಪಟ್ಟಕ್ಕಾಗಿ ಆಡುವುದಿಲ್ಲ ಅಂತ ಬಣ್ಣದ ಗೆರೆ ಎಳೆದ. ಸೋಲದೆ ನಿವೃತ್ತನಾದ. ಗೆರೆಯ ಆಚೆ ಇದ್ದವರು ಕಣಕ್ಕೇ ಬಾರದ ಮೇಲೆ ಸೋಲುವುದು ಯಾರ ಕೈಯಲ್ಲಿ? ಬಾವಿಯ ಕಟ್ಟೆ ಹತ್ತಗೊಡದೆ ನೀರು ನಮ್ಮದೇ ಅಂದ ಹಾಗೆ. 1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ಜಾಕ್ ಜಾನ್ಸನ್ ಎಂಬ ಕರಿಯ, ಟಾಮಿ ಬರ್ನ್ಸ್‌ನನ್ನು ಹೊಡೆದು ಮೊದಲ ಕರಿಯ ಹೆವಿವೇಟ್ ಚಾಂಪಿಯನ್ ಆದ. ಬಿಳಿಯರಿಗೆ ನಿದ್ದೆ ಬರಲಿಲ್ಲ. ತೋಟ ನೋಡಿಕೊಂಡು ಕೂತಿದ್ದ ಜೆಫ್ರೀಸ್‌ನನ್ನು ಎಬ್ಬಿಸಿ ತಂದರು. ಇವರಿಬ್ಬರು ಹಿಂದೆ ಆಡಿದವರಲ್ಲ. ಆದರೂ ಅದು ಮರುಪಂದ್ಯವೇ. ಸಿಡ್ನಿಯ ಫಲಿತಾಂಶವನ್ನು ಒಪ್ಪದ ಒಂದು ಇಡೀ ಬಣ್ಣ ಕೇಳಿದ ಮರುಪಂದ್ಯ. 1910ರ ಜುಲೈ 4, ರೀನೋ. ಬಾಜಿ ಜೆಫ್ರೀಸ್ ಕಡೆಗೇ. ಹದಿನೈದನೇ ಸುತ್ತಿನಲ್ಲಿ ಅವನ ಕಥೆ ಮುಗಿಯಿತು.

ಅಂದು ರಾತ್ರಿ ಅಮೆರಿಕಾದ ಹಲವು ಊರುಗಳಲ್ಲಿ ಬಿಳಿಯರ ಗುಂಪುಗಳು ಕರಿಯರ ಮೇಲೆ ಬಿದ್ದವು. ಹಲವರು ಸತ್ತರು. ಕಣದಲ್ಲಿ ಒಬ್ಬ ಗೆದ್ದದ್ದಕ್ಕೆ ಕೇರಿಯಲ್ಲಿ ಹೆಣ ಬಿತ್ತು. 1912ರಲ್ಲಿ ಬಾಕ್ಸಿಂಗ್ ಪಂದ್ಯದ ಸಿನಿಮಾಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಬಾರದು ಎಂದು ಕಾನೂನೇ ಬಂತು. ಗೆಲುವನ್ನು ಅಳಿಸಲಿಕ್ಕಾಗದಿದ್ದರೆ ಕಣ್ಣಿಗೆ ಬಟ್ಟೆ ಕಟ್ಟು! 1913ರಲ್ಲಿ ಜಾನ್ಸನ್ನನಿಗೆ ಬೇರೊಂದು ಕೇಸಿನಲ್ಲಿ ಶಿಕ್ಷೆ ಹಾಕಿದರು. ಆ ಕೇಸಿಗೆ ಕ್ಷಮೆ ಬಂದದ್ದು 2018ರಲ್ಲಿ. ಅವನು ಸತ್ತು ಎಪ್ಪತ್ತೆರಡು ವರ್ಷವಾಗಿತ್ತು.

ಬಣ್ಣದ ಪಂಚಾಂಗದ ನಂತರ ಯಂತ್ರದ ಪಂಚಾಂಗ ಬಂತು. 1967ರಲ್ಲಿ ಮರ್ರೆ ವೊರೊನರ್ ಎಂಬ ರೇಡಿಯೋದವನು ಹಳೆಯ ಹೊಸ ಚಾಂಪಿಯನ್ನರನ್ನೆಲ್ಲ ಕಂಪ್ಯೂಟರಿಗೆ ಹಾಕಿ ಪಂದ್ಯ ಕಟ್ಟಿಸಿದ. ಇನ್ನೂರೈವತ್ತು ಮಂದಿ ಬಾಕ್ಸಿಂಗ್ ಪಂಡಿತರನ್ನು ಕೇಳಿ ಯಾರಿಗೆ ಎಷ್ಟು ಬಲ, ಎಷ್ಟು ವೇಗ, ಎಷ್ಟು ಧೈರ್ಯ ಎಂಬ ಅಂಕಿ ಸೇರಿಸಿದ. ಯಂತ್ರ ಏನು ಹೇಳಿತು? ಅಲಿಯನ್ನು ಜೆಫ್ರೀಸ್ ಸೋಲಿಸಿದ ಅಂತ ಹೇಳಿತು. ಹೌದು, ಅದೇ ಜೆಫ್ರೀಸ್! ರೀನೋದ ಕಣದಲ್ಲಿ ಸಿಗದ ಗೆಲುವು ಐವತ್ತೇಳು ವರ್ಷ ಕಳೆದು ಯಂತ್ರದ ಹೊಟ್ಟೆಯಲ್ಲಿ ಸಿಕ್ಕಿತು. ವಿಯೆಟ್ನಾಂ ಯುದ್ಧಕ್ಕೆ ಸೈನ್ಯ ಸೇರುವುದಿಲ್ಲ ಅಂದದ್ದಕ್ಕೆ ಅಲಿಯ ಪಟ್ಟ ಕಿತ್ತುಕೊಂಡ ವರ್ಷವೂ ಅದೇ. ಅಲಿ ಹತ್ತು ಲಕ್ಷ ಡಾಲರಿನ ಮಾನನಷ್ಟದ ದಾವೆ ಹಾಕಿದ.

ಆಮೇಲೆ ಅದೇ ವೊರೊನರ್ 1969ರಲ್ಲಿ ಅಲಿಯನ್ನೂ, ಸೋಲದೆ ನಿವೃತ್ತನಾಗಿದ್ದ ಬಿಳಿಯ ಚಾಂಪಿಯನ್ ರಾಕಿ ಮಾರ್ಸಿಯಾನೋನನ್ನೂ ಕರೆತಂದು ಸಿನಿಮಾಕ್ಕಾಗಿ ಹೊಡೆದಾಡಿಸಿದ. ಪಂದ್ಯ ಆಡಲು ಲೈಸೆನ್ಸ್ ಇಲ್ಲದ ಅಲಿಗೆ ದುಡ್ಡು ಬೇಕಿತ್ತು. ಯಾರು ಗೆಲ್ಲುತ್ತಾರೆ ಎಂದು ಇಬ್ಬರಿಗೂ ಹೇಳಿರಲಿಲ್ಲ. ಸಿನಿಮಾ ತೆರೆ ಕಾಣುವ ಮೊದಲೇ ಮಾರ್ಸಿಯಾನೋ ವಿಮಾನ ಅಪಘಾತದಲ್ಲಿ ತೀರಿಕೊಂಡ. 1970ರ ಜನವರಿಯಲ್ಲಿ ಅಮೆರಿಕಾದ ಥಿಯೇಟರುಗಳಲ್ಲಿ ಹದಿಮೂರನೇ ಸುತ್ತಿಗೆ ಅಲಿ ಬಿದ್ದ. ಯುರೋಪಿಗೆ ಕಳಿಸಿದ ಇನ್ನೊಂದು ಮುಕ್ತಾಯದಲ್ಲಿ ಅಲಿ ಗೆದ್ದ. ಒಂದೇ ಯಂತ್ರ, ಎರಡು ಸತ್ಯ. ಟಿಕೆಟು ಕೊಳ್ಳುವವರಿಗೆ ಯಾವುದು ಹಿತವೋ ಆ ಸತ್ಯ.

2024ರ ರಿಯಾದ್ ಮರುಪಂದ್ಯದಲ್ಲಿಯೂ ಕೃತಕ ಬುದ್ಧಿಯ ಯಂತ್ರವೊಂದನ್ನು ಲೆಕ್ಕಕ್ಕಿಲ್ಲದ ನಾಲ್ಕನೇ ತೀರ್ಪುಗಾರನ ಹಾಗೆ ಕೂರಿಸಿದ್ದರು. ಅದೂ ಉಸಿಕ್‌ಗೇ ಕೊಟ್ಟಿತು. ಹಾಗಂತ ಯಂತ್ರಕ್ಕೆ ಜಾತಿ ಇಲ್ಲ ಎಂದು ನಾವು ಕುಣಿಯಬೇಕಾಗಿಲ್ಲ. ಯಂತ್ರಕ್ಕೆ ಜಾತಿ ಇಲ್ಲ, ಸರಿ. ಅದಕ್ಕೆ ಉಣಿಸುವವರಿಗೆ? ನಾಳೆ ನಮ್ಮ ಮಕ್ಕಳ ಕೆಲಸದ ಅರ್ಜಿ, ಸಾಲದ ಅರ್ಜಿಯನ್ನು ಯಂತ್ರ ಓದಿ ಇವನು ಗೆಲ್ಲುತ್ತಾನೆ, ಇವಳು ಸೋಲುತ್ತಾಳೆ ಅಂತ ಭವಿಷ್ಯ ಹೇಳುತ್ತದೆ. ಈವರೆಗೆ ಯಾರು ಗೆದ್ದರು ಎಂಬ ಪಟ್ಟಿ ನೋಡಿಯೇ ಅದು ಹೇಳುವುದು. ಗೆರೆ ಎಳೆದು ನಮ್ಮನ್ನು ಹೊರಗಿಟ್ಟ ಕಾಲದ ಪಟ್ಟಿಯಲ್ಲಿ ನಮ್ಮ ಹೆಸರು ಎಲ್ಲಿಂದ ಬರಬೇಕು?

ಈಗ ನಮ್ಮ ಕಣಕ್ಕೆ ಬರೋಣ.

ನಮ್ಮಲ್ಲೊಬ್ಬಳು, ಬೀಡಿ ಕಟ್ಟುವ ತಾಯಿಯ ಮಗಳು, ಲೆಕ್ಕದಲ್ಲಿ ಇಡೀ ಕ್ಲಾಸಿಗೆ ಮೊದಲು ಬಂದಳು. ಮಾಷ್ಟ್ರು ಪೇಪರ್ ಕೊಡುವಾಗ ‘ಇದು ನೀನೇ ಮಾಡಿದ್ದಾ?’ ಅಂತ ಕೇಳಿದರು. ಹೌದು ಅಂದಳು. ‘ಹಾಗಾದ್ರೆ ಬೋರ್ಡಿನಲ್ಲಿ ಮತ್ತೊಮ್ಮೆ ಮಾಡಿ ತೋರಿಸು’ ಅಂದರು. ಮಾಡಿದಳು. ‘ಇನ್ನೊಂದು ಕೊಡ್ತೇನೆ’ ಅಂದರು. ಅದನ್ನೂ ಮಾಡಿದಳು. ಎರಡನೇ ಸ್ಥಾನ ಬಂದ ಧಣಿಗಳ ಮಗನನ್ನು ಯಾರೂ ಬೋರ್ಡಿಗೆ ಕರೆಯಲಿಲ್ಲ. ಆ ಮಾಷ್ಟ್ರು ಕೆಟ್ಟವರೆಂದು ನಾವು ಹೇಳುವುದಿಲ್ಲ. ಪೆಟ್ಟು ಕೊಟ್ಟವರಲ್ಲ, ಬೈದವರಲ್ಲ. ಅವರ ತಲೆಯೊಳಗೆ ಒಂದು ಪಂಚಾಂಗ ಇತ್ತು, ಅಷ್ಟೇ. ಇಂಥ ಬಣ್ಣದ್ದು ಇಂಥ ದಿನ ಗೆಲ್ಲುವುದಿಲ್ಲ ಅಂತ ಅದರಲ್ಲಿ ಬರೆದಿತ್ತು. ಆಮೇಲೆ ಡಿಗ್ರಿಗೆ ಬಂದೆವು, ‘ಕೋಟಾದಲ್ಲಿ ಬಂದದ್ದಾ?’ ಅಂತ ಕೇಳಿದರು. ಕೆಲಸ ಸಿಕ್ಕಿತು, ‘ಕೋಟಾದಲ್ಲಿ ಸಿಕ್ಕಿದ್ದಾ?’ ಅಂತ ಕೇಳಿದರು. ಪದ್ಯ ಬರೆದೆವು, ‘ಇದರಲ್ಲಿ ಕಾವ್ಯ ಉಂಟಾ?’ ಅಂತ ಕೇಳಿದರು. ಒಂದೊಂದು ಪ್ರಶ್ನೆಯೂ ಒಂದೊಂದು ಮರುಪಂದ್ಯ.

ನೆಲದ ಕಥೆ ಇದಕ್ಕಿಂತ ದೊಡ್ಡದು. 1974ರ ಮಾರ್ಚ್ 1ರಿಂದ ಗೇಣಿ ಭೂಮಿಯೆಲ್ಲ ಸರಕಾರದ್ದು, ಉಳುವವನು ಡಿಕ್ಲರೇಶನ್ ಕೊಟ್ಟು ತನ್ನದಾಗಿಸಿಕೊಳ್ಳಬೇಕು ಅಂತ ಆಯಿತು. ಫಾರ್ಮ್ ನಂಬ್ರ 7 ಎಂಬ ಕಾಗದ ದಕ್ಷಿಣ ಕನ್ನಡದ ಮನೆಮನೆಯಲ್ಲಿ ಮಂತ್ರದ ಹಾಗೆ ಓಡಾಡಿತು. ಭೂ ನ್ಯಾಯಮಂಡಳಿಯ ಮುಂದೆ ಗೇಣಿದಾರ ನಿಂತ, ಗೆದ್ದ. ಧಣಿ ಹೈಕೋರ್ಟಿಗೆ ರಿಟ್ ಹಾಕಿದ. ಎಷ್ಟೋ ಕೇಸುಗಳು ‘ಮತ್ತೊಮ್ಮೆ ವಿಚಾರಣೆ ಮಾಡಿ’ ಅಂತ ಬೆಂಗಳೂರಿನಿಂದ ತಿರುಗಿ ಬಂದವು. ಅದಕ್ಕೆ ರಿಮಾಂಡ್ ಅಂತ ಹೆಸರು. ನಾವು ಅದನ್ನು ಮರುಪಂದ್ಯ ಅನ್ನುತ್ತೇವೆ. ಮೊದಲ ಸಲ ಸಾಕ್ಷಿ ಹೇಳಿದ ಮುದುಕ ಎರಡನೇ ಸಲಕ್ಕೆ ಬದುಕಿರುವುದಿಲ್ಲ. ಧಣಿಯ ವಕೀಲ ಮಾತ್ರ ಇರುತ್ತಾನೆ. ಇನ್ನು ಧಣಿಯ ಗದ್ದೆಯಲ್ಲಿ ಮೂಲದಾಳಾಗಿ ದುಡಿದ ನಮ್ಮವರಲ್ಲಿ ಹೆಚ್ಚಿನವರ ಹತ್ತಿರ ಗೇಣಿಚೀಟಿಯೇ ಇರಲಿಲ್ಲ. ಮರುಪಂದ್ಯದ ಮಾತು ಬಿಡಿ, ಮೊದಲ ಪಂದ್ಯಕ್ಕೇ ನಮ್ಮ ಹೆಸರು ಕೂಗಲಿಲ್ಲ.

ಬಾಬಾಸಾಹೇಬರನ್ನು ನೋಡಿ. ಸಂವಿಧಾನ ಸಭೆಗೆ ಅವರು 1946ರಲ್ಲಿ ಬಂಗಾಳದಿಂದ ಆರಿಸಿ ಬಂದರು. ದೇಶ ವಿಭಜನೆಯಾಗಿ ಆ ಸ್ಥಾನ ಹೋಯಿತು. 1947ರ ಜುಲೈಯಲ್ಲಿ ಮುಂಬೈಯಿಂದ ಮತ್ತೊಮ್ಮೆ ಆರಿಸಿ ಬರಬೇಕಾಯಿತು. ಈ ದೇಶಕ್ಕೆ ಕಾನೂನು ಬರೆಯಬೇಕಾದವರು ಆ ಸಭೆಯ ಬಾಗಿಲನ್ನು ಎರಡು ಸಲ ತಟ್ಟಿದರು. ಸಂವಿಧಾನ ಬರೆದು ಮುಗಿಸಿದ ಮೇಲೆ, 1952ರ ಲೋಕಸಭಾ ಚುನಾವಣೆಯಲ್ಲಿ ಮುಂಬೈಯಲ್ಲಿ ಅವರನ್ನು ಸೋಲಿಸಿದರು. 1954ರಲ್ಲಿ ಭಂಡಾರಾ ಉಪಚುನಾವಣೆಯಲ್ಲಿ ಮತ್ತೊಮ್ಮೆ ಸೋಲಿಸಿದರು. ಅವರಿಗಿಂತ ದೊಡ್ಡ ಹೆವಿವೇಟ್ ಈ ದೇಶದಲ್ಲಿ ಯಾರಿದ್ದರು?

ನಮ್ಮ ಮೂಡುಬಿದಿರೆ ಕಡೆಗೂ ಒಂದು ಮರುಪಂದ್ಯದ ಓಲೆ ಬಂದಿತ್ತು. 2020ರ ಫೆಬ್ರುವರಿ 1ರಂದು ಐಕಳ ಕಂಬಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡ, ಕಟ್ಟಡ ಕೆಲಸ ಮಾಡುತ್ತಿದ್ದ ಯುವಕ, ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ. ಯಾರೋ ಲೆಕ್ಕ ಹಾಕಿದರು, ನೂರು ಮೀಟರಿಗೆ 9.55. ಉಸೇನ್ ಬೋಲ್ಟನ ದಾಖಲೆ 9.58. ಸರಿ, ಇಡೀ ದೇಶ ಎದ್ದಿತು. ದಿಲ್ಲಿಯ ಕ್ರೀಡಾಮಂತ್ರಿ ಟ್ರಯಲ್‌ಗೆ ಕರೆದರು. ಅವನು ಒಪ್ಪಲಿಲ್ಲ. ಕಂಬಳದಲ್ಲಿ ಓಡುವುದು ಹಿಮ್ಮಡಿಯ ಮೇಲೆ, ಟ್ರ್ಯಾಕಿನಲ್ಲಿ ಓಡುವುದು ಬೆರಳಿನ ಮೇಲೆ, ಎರಡೂ ಬೇರೆ ಎಂದ. ಅದೇ ತಿಂಗಳು ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದ. ಕೆಸರಿನ ಕರೆಯ ಗೆಲುವನ್ನು ತಮ್ಮ ಟ್ರ್ಯಾಕಿಗೆ ತಂದು ಮತ್ತೊಮ್ಮೆ ತೋರಿಸು ಅಂತ ಕೇಳುವವರಿಗೆ, ನೀವು ನಮ್ಮ ಕರೆಗೆ ಇಳಿಯಿರಿ ಅಂತ ಯಾರೂ ಕೇಳುವುದಿಲ್ಲ. ಗೌಡ ಬೇಡ ಅಂದದ್ದು ನಮಗೆ ಸರಿ ಕಂಡಿತು. ಎಲ್ಲ ಮರುಪಂದ್ಯವನ್ನೂ ಒಪ್ಪಿಕೊಳ್ಳಬೇಕೆಂದೇನೂ ಇಲ್ಲ.

ಆದರೆ ಅದೇ ಕಂಬಳದ ಕರೆಯಲ್ಲಿ ಇನ್ನೂ ಕೆಲವರು ಓಡಿದ್ದಾರೆ. ಕೋಣಗಳನ್ನು ಇಳಿಸುವ ಮೊದಲು ಕೊರಗರನ್ನು ಆ ಕೆಸರಿನಲ್ಲಿ ಕೋಣಗಳ ಹಾಗೆ ಓಡಿಸುತ್ತಿದ್ದರು. ಹಿಂದಿನ ರಾತ್ರಿಯಿಡೀ ಮಂಜಿನಲ್ಲಿ ಕುಳಿತು ಡೋಲು ಬಾರಿಸುವುದೂ ಅವರೇ. ಅಜಲು ಅಂತ ಅದರ ಹೆಸರು. ಕರ್ನಾಟಕದಲ್ಲಿ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯಿದೆ ಬಂದದ್ದು 2000ದಲ್ಲಿ. ಗಂತಿನಿಂದ ಮಂಜೊಟ್ಟಿಯವರೆಗೆ ಅವರು ಓಡಿದ್ದನ್ನು ಯಾರೂ ಸೆಕೆಂಡು ಹಿಡಿದು ನೋಡಲಿಲ್ಲ. ಅವರ ಮೇಲೆ ಯಾರೂ ಬಾಜಿ ಕಟ್ಟಲಿಲ್ಲ. ಯಾರು ಗೆಲ್ತಾರೆ ಎಂಬ ಪ್ರಶ್ನೆಯೇ ಅವರ ಬಗ್ಗೆ ಹುಟ್ಟಲಿಲ್ಲ. ಭವಿಷ್ಯ ತಪ್ಪಾಗಿ ಹೇಳಿಸಿಕೊಂಡವರು ನಾವು. ಭವಿಷ್ಯವನ್ನೇ ಹೇಳಿಸಿಕೊಳ್ಳದವರು ಅವರು. ಎರಡು ಸಲ ಗೆಲ್ಲಬೇಕಾಯಿತಲ್ಲ ಅಂತ ನಾವು ಹಲುಬುವಾಗ ಕರೆಯ ಆ ತುದಿಯಲ್ಲಿ ನಿಂತವರ ಕಡೆಗೂ ಒಮ್ಮೆ ತಿರುಗಿ ನೋಡಬೇಕು.

ಎಲ್ಲ ದೋಷವನ್ನೂ ಎದುರಿನವನ ಮೇಲೆ ಹಾಕಿದರೆ ನಮ್ಮ ಲೆಕ್ಕ ಪೂರ್ತಿಯಾಗುವುದಿಲ್ಲ. 2019ರ ಜೂನ್ 1ರಂದು ನ್ಯೂಯಾರ್ಕಿನಲ್ಲಿ ಆಂಡಿ ರೂಯಿಸ್ ಎಂಬ ಮೆಕ್ಸಿಕನ್ ಮೂಲದ ಹುಡುಗ ಚಾಂಪಿಯನ್ ಆಂಟನಿ ಜೋಶುವಾನನ್ನು ಏಳನೇ ಸುತ್ತಿನಲ್ಲಿ ಮುಗಿಸಿದ. ಬೇರೊಬ್ಬ ಆಡಬೇಕಿದ್ದ ಜಾಗಕ್ಕೆ ಕೊನೆ ಗಳಿಗೆಯಲ್ಲಿ ಬಂದವನು ಅವನು. ಬೊಜ್ಜು ಮೈಯ ಅವನನ್ನು ಕಂಡು ನಕ್ಕವರೆಲ್ಲ ಬಾಯಿ ಮುಚ್ಚಿದರು. ಡಿಸೆಂಬರ್ 7ಕ್ಕೆ ಮರುಪಂದ್ಯ. ನಡುವೆ ಆರು ತಿಂಗಳು. ಸೋತ ಜೋಶುವಾ ಹತ್ತು ಪೌಂಡು ಇಳಿಸಿ ಬಂದ. ಗೆದ್ದ ರೂಯಿಸ್ ಹದಿನೈದು ಪೌಂಡು ಏರಿಸಿ ಬಂದ. ಹನ್ನೆರಡು ಸುತ್ತೂ ಅವನ ಗುದ್ದು ಜೋಶುವಾನನ್ನು ಮುಟ್ಟಲಿಲ್ಲ, ಮೂವರು ತೀರ್ಪುಗಾರರೂ ಜೋಶುವಾನಿಗೆ ಕೊಟ್ಟರು. ಪಾರ್ಟಿ ಜಾಸ್ತಿಯಾಯಿತು, ಸರಿಯಾಗಿ ತಯಾರಿ ಮಾಡಲಿಲ್ಲ ಅಂತ ಅವನೇ ಆಮೇಲೆ ಹೇಳಿದ.

ಈ ಆರು ತಿಂಗಳ ಮೇಲೆ ಚಳವಳಿಯ ಗೆಳೆಯರು ಕಣ್ಣಿಡಬೇಕು. ಪ್ರೊ. ಬಿ. ಕೃಷ್ಣಪ್ಪನವರು ಮತ್ತು ಸಂಗಾತಿಗಳು ಎಪ್ಪತ್ತರ ದಶಕದಲ್ಲಿ ಕಟ್ಟಿದ ದಲಿತ ಸಂಘರ್ಷ ಸಮಿತಿ ಹಳ್ಳಿಹಳ್ಳಿಗೆ ಹೋಯಿತು. ನಮ್ಮ ತಂದೆತಾಯಿಯರ ಬೆನ್ನು ನೆಟ್ಟಗಾದದ್ದು ಆ ಹಾಡುಗಳಿಂದ, ಆ ಜಾಥಾಗಳಿಂದ. ಮೊದಲ ಸುತ್ತುಗಳನ್ನು ಗೆದ್ದೆವು. ಆಮೇಲೆ? ಸಮಿತಿ ಬಣವಾಯಿತು, ಬಣ ಉಪಬಣವಾಯಿತು. ಒಂದು ಶಾಲು, ಒಂದು ನಿಗಮದ ಕುರ್ಚಿ, ಒಂದು ಫ್ಲೆಕ್ಸು. ಎದುರಿನವನು ಮಾತ್ರ ಸೋತ ದಿನದಿಂದಲೇ ಕಸರತ್ತು ಶುರು ಮಾಡಿದ್ದ. ನಾವು ಗೆದ್ದ ಕಾನೂನನ್ನು ಕೋರ್ಟಿನಲ್ಲಿ, ಗೆದ್ದ ಜಾಗವನ್ನು ಆಫೀಸಿನಲ್ಲಿ, ಗೆದ್ದ ಮಾತನ್ನು ಮೊಬೈಲಿನಲ್ಲಿ ಅವನು ಮತ್ತೆ ಕಣಕ್ಕೆ ಎಳೆದ. ಅವನಿಗೆ ಮರುಪಂದ್ಯ ಹಕ್ಕು. ನಮಗೆ ಅದು ಪ್ರತಿ ಸಲವೂ ಆಶ್ಚರ್ಯ. ಯಾಕೆ ಆಶ್ಚರ್ಯ? ಅವನು ಬಂದೇ ಬರುತ್ತಾನೆ ಎಂಬುದು ಭವಿಷ್ಯಗಳಲ್ಲೆಲ್ಲ ಸುಲಭದ ಭವಿಷ್ಯವಲ್ಲವೇ?

ಕೆಳಗಿನವನು ಸೋತು ಮತ್ತೆ ಅವಕಾಶ ಪಡೆದದ್ದೂ ಉಂಟು, ಇಲ್ಲ ಅಂತಲ್ಲ. 1936ರ ಜೂನ್ 19ರಂದು ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಹನ್ನೆರಡನೇ ಸುತ್ತಿನಲ್ಲಿ ಜೋ ಲೂಯಿಸ್‌ನನ್ನು ಕೆಡವಿದ. ಅಲಬಾಮದ ಹತ್ತಿ ಹೊಲದ ಕರಿಯ ಮನೆಯ ಮಗ ಲೂಯಿಸ್. ಹಿಟ್ಲರನ ಪ್ರಚಾರದವರು ಇದು ತಮ್ಮ ರಕ್ತದ ಗೆಲುವು ಎಂದು ಡಂಗುರ ಹೊಡೆದರು. 1938ರ ಜೂನ್ 22ರ ಮರುಪಂದ್ಯದಲ್ಲಿ ಲೂಯಿಸ್‌ಗೆ ಬೇಕಾದದ್ದು ಎರಡು ನಿಮಿಷ ನಾಲ್ಕು ಸೆಕೆಂಡು. ಆ ರಕ್ತದ ಡಂಗುರದಲ್ಲಿ ಶ್ಮೆಲಿಂಗ್ ಎಂಬ ಮನುಷ್ಯನ ಪಾಲು ಕಡಿಮೆ. ಅದೇ ವರ್ಷ ಅವನು ಇಬ್ಬರು ಯಹೂದಿ ಹುಡುಗರನ್ನು ತನ್ನ ಕೋಣೆಯಲ್ಲಿ ಅಡಗಿಸಿ ಕಾಪಾಡಿದ. ಲೂಯಿಸ್ ಗೆದ್ದಾಗ ಬಿಳಿಯ ಅಮೆರಿಕಾ ಕೂಡ ಚಪ್ಪಾಳೆ ತಟ್ಟಿತು. ಹಿಟ್ಲರ್ ಎದುರಿಗಿದ್ದನಲ್ಲ! ಅದೇ ಅಮೆರಿಕಾದ ದಕ್ಷಿಣ ರಾಜ್ಯಗಳ ಬಸ್ಸಿನಲ್ಲಿ ಲೂಯಿಸ್‌ನ ಜನ ಹಿಂದಿನ ಸೀಟಿನಲ್ಲಿಯೇ ಕೂರಬೇಕಿತ್ತು. ಗೆಲುವು ಯಾರಿಗೆ ಉಪಯೋಗ ಎಂಬುದರ ಮೇಲೆ ನಮಗೆ ಮರುಪಂದ್ಯ ಸಿಗುತ್ತದೆ, ನಮ್ಮ ನ್ಯಾಯದ ಮೇಲೆ ಅಲ್ಲ.

ಹಾಗಾದರೆ ಮುಂದಿನ ಮರುಪಂದ್ಯಕ್ಕೆ ಭವಿಷ್ಯ ಹೇಳುವುದು ಹೇಗೆ? ಜೋಡುಮಾರ್ಗದ ಪಂಡಿತರ ಹಾಗೆ ನಾವೂ ನಮ್ಮ ಪಂಚಾಂಗ ಕೊಡುತ್ತೇವೆ. ತೂಕದ ಚೀಟಿ ನೋಡುವ ಮೊದಲು ಮೂರು ಸಂಗತಿ ನೋಡಿ. ಮರುಪಂದ್ಯ ಕೇಳಿದವರು ಯಾರು, ಅದರ ಕಾಗದ ಬರೆದವರು ಯಾರು? ತೀರ್ಪುಗಾರರ ಕುರ್ಚಿಯಲ್ಲಿ ಯಾರು, ಅವರನ್ನು ಕೂರಿಸಿದವರು ಯಾರು? ಮೊದಲ ಗೆಲುವಿನಿಂದ ಇವತ್ತಿನವರೆಗೆ ಗೆದ್ದವನು ಏನು ಮಾಡಿದ, ಸೋತವನು ಏನು ಮಾಡಿದ? ಮೊದಲ ಎರಡು ನಮ್ಮ ಕೈಯಲ್ಲಿ ಇನ್ನೂ ಪೂರ್ತಿ ಇಲ್ಲ. ಮೂರನೆಯದು ಪೂರ್ತಿ ನಮ್ಮದೇ.

ಈ ಪತ್ರಿಕೆ ಓದುವ ಹಳ್ಳಿಯ ಮಾಷ್ಟ್ರುಗಳಲ್ಲಿ, ಟೀಚರುಗಳಲ್ಲಿ ನಮ್ಮದೊಂದು ಬೇಡಿಕೆ. ಮುಂದಿನ ಪರೀಕ್ಷೆಯ ಪೇಪರು ತಿದ್ದಿ ಕೊಡುವ ದಿನ ನಿಮ್ಮ ಕ್ಲಾಸಿನಲ್ಲಿ ಕಾಲನಿಯ ಮಗುವೊಂದು ಮೊದಲು ಬಂದಿರಬಹುದು. ಆ ಮಗುವಿನ ಹೆಸರು ಕೂಗಿ, ಪೇಪರು ಕೈಯಲ್ಲಿಡಿ, ‘ಒಳ್ಳೇದು ಮಾಡಿದ್ದಿ’ ಅನ್ನಿ. ಬೋರ್ಡಿಗೆ ಕರೆಯಬೇಡಿ.